ಯಜಮಾನನಿಲ್ಲದ ಹಣವೂ ರೈತನ ಲೆಕ್ಕವೂ



ಬೂವನಹಳ್ಳಿ ಸುತ್ತಿನ ಹಳ್ಳಿಗಳಲ್ಲಿ ಸಭೆ ನಡೆಸುವಾಗ ಮುಸುಕಿನ ಜೋಳದ ಸೈನಿಕ ಹುಳುವಿಗೆ ಯಾವ ಔಷಧ, ಆಲೂಗೆಡ್ಡೆಯ ಅಂಗಮಾರಿಗೆ ಎಷ್ಟು ದಿನಕ್ಕೊಮ್ಮೆ ಸಿಂಪರಣೆ ಎಂಬ ಪ್ರಶ್ನೆಗಳ ಜೊತೆಗೆ ಈಚೆಗೆ ಇನ್ನೊಂದು ಪ್ರಶ್ನೆಯೂ ಬರುತ್ತಿದೆ. “ಸಾರ್, ಈ ಬಿಟ್‌ಕಾಯಿನ್ ಅಂದ್ರೆ ಏನು? ದುಡ್ಡು ಹಾಕಬಹುದಾ?” ಕೇಳುವವರು ಕಾಲೇಜು ಮುಗಿಸಿ ಬಂದ ಹುಡುಗರು ಮಾತ್ರವಲ್ಲ. ವಿಮಾನ ನಿಲ್ದಾಣಕ್ಕೆ ಜಮೀನು ಹೋದ ಸೀಮೆ ಇದು. ಶುಂಠಿಗೆ ಬೆಲೆ ಬಂದ ವರ್ಷ ನಾಲ್ಕು ಕಾಸು ಕಂಡವರೂ ಇದ್ದಾರೆ. ಕೈಯಲ್ಲಿ ಹಣವಿದೆ ಎಂದು ಗೊತ್ತಾದರೆ ಸಲಹೆ ಕೊಡುವವರು ತಾವಾಗಿಯೇ ಮನೆ ಹುಡುಕಿಕೊಂಡು ಬರುತ್ತಾರೆ. ನಾನು ಓದಿದ್ದು ಕೃಷಿ, ಅರ್ಥಶಾಸ್ತ್ರವಲ್ಲ. ಆದರೂ ಬೆಳೆದ ಬೆಳೆ ಕೊನೆಗೆ ಹಣವಾಗಿಯೇ ಮನೆ ಸೇರಬೇಕಾದ್ದರಿಂದ, ತಿಳಿದಷ್ಟನ್ನು ಹೇಳುವುದು ನನ್ನ ಕೆಲಸದ ಭಾಗವೆಂದೇ ಭಾವಿಸಿದ್ದೇನೆ.

ಮೊದಲು ಇದು ಏನೆಂದು ನೋಡೋಣ. 2008ರ ಅಕ್ಟೋಬರ್ 31ರಂದು ಸಾತೋಶಿ ನಕಾಮೊಟೊ ಎಂಬ ಹೆಸರಿನಲ್ಲಿ ಒಂದು ಪ್ರಬಂಧ ಹೊರಬಂತು. ಆ ಹೆಸರಿನ ಹಿಂದೆ ಯಾರಿದ್ದಾರೆ ಎಂಬುದು ಇಂದಿಗೂ ಖಚಿತವಾಗಿಲ್ಲ. 2009ರ ಜನವರಿಯಿಂದ ವ್ಯವಸ್ಥೆ ನಡೆಯುತ್ತಿದೆ. ಬಿಟ್‌ಕಾಯಿನ್‌ಗೆ ನೋಟಿಲ್ಲ, ಬಿಲ್ಲೆಯಿಲ್ಲ. ಅದೊಂದು ಲೆಕ್ಕದ ಪುಸ್ತಕ. ನಮ್ಮ ಪಹಣಿಯ ಮೂಲ ಕಂದಾಯ ಇಲಾಖೆಯ ಬಳಿ ಇರುತ್ತದೆ, ಅದನ್ನು ತಿದ್ದುವ ಅಧಿಕಾರವೂ ಅವರದೇ. ಬಿಟ್‌ಕಾಯಿನ್ ಪುಸ್ತಕದ ಪ್ರತಿಯಾದರೋ ಪ್ರಪಂಚದ ಸಾವಿರಾರು ಕಂಪ್ಯೂಟರುಗಳಲ್ಲಿ ಒಂದೇ ರೀತಿಯಾಗಿ ಇದೆ. ಯಾರಿಂದ ಯಾರಿಗೆ ಎಷ್ಟು ಹೋಯಿತು ಎಂಬ ಹೊಸ ಪುಟ ಸುಮಾರು 10 ನಿಮಿಷಕ್ಕೊಮ್ಮೆ ಎಲ್ಲ ಪ್ರತಿಗಳಿಗೂ ಸೇರುತ್ತದೆ. ಒಬ್ಬನು ತನ್ನ ಪ್ರತಿಯನ್ನು ತಿದ್ದಿದರೆ ಉಳಿದವು ಒಪ್ಪುವುದಿಲ್ಲ. ಪುಟ ಸೇರಿಸುವ ಹಕ್ಕಿಗಾಗಿ ದೊಡ್ಡ ದೊಡ್ಡ ಯಂತ್ರಗಳು ಪೈಪೋಟಿ ನಡೆಸುತ್ತವೆ, ಗೆದ್ದವರಿಗೆ ಹೊಸ ನಾಣ್ಯ ಸಿಗುತ್ತದೆ. ಈ ಪೈಪೋಟಿಗೆ ಉರಿಯುವ ವಿದ್ಯುತ್ತು ಅಪಾರ. ರಾತ್ರಿ ಹೊತ್ತು ತ್ರೀಫೇಸ್ ಕರೆಂಟಿಗೆ ಕಾದು ಪಂಪ್‌ಸೆಟ್ ಚಾಲೂ ಮಾಡುವ ನಮಗೆ ಇದನ್ನು ಕೇಳಿದರೆ ಹೊಟ್ಟೆ ಉರಿಯುವುದು ಸಹಜ. ಒಟ್ಟು 2 ಕೋಟಿ 10 ಲಕ್ಷಕ್ಕಿಂತ ಹೆಚ್ಚು ನಾಣ್ಯ ಹುಟ್ಟುವಂತಿಲ್ಲ ಎಂದು ಮೊದಲೇ ಮಿತಿ ಹಾಕಲಾಗಿದೆ. ಬ್ಯಾಂಕಿಲ್ಲ, ಸರ್ಕಾರವಿಲ್ಲ, ಯಜಮಾನನಿಲ್ಲ. ನಿಮ್ಮ ನಾಣ್ಯಕ್ಕೆ ನಿಮ್ಮ ಗುಪ್ತ ಸಂಖ್ಯೆಯೇ ಬೀಗದ ಕೈ. ಅದು ಕಳೆದರೆ ಹಣವೂ ಹೋದಂತೆಯೇ.

ಯಜಮಾನನಿಲ್ಲದ ಹಣ ಬೇಕೆನ್ನುವವರ ವಾದವನ್ನು ನಾನು ಹಾಸ್ಯ ಮಾಡುವುದಿಲ್ಲ. 2016ರ ನವೆಂಬರ್ 8ರ ರಾತ್ರಿ 500 ಮತ್ತು 1000 ರೂಪಾಯಿ ನೋಟುಗಳು ರದ್ದಾದವು. ಹಳ್ಳಿಯವರಲ್ಲಿ ಎಷ್ಟೋ ಮಂದಿಯ ಖಾತೆ ಇದ್ದದ್ದು ಸಹಕಾರಿ ವ್ಯವಸ್ಥೆಯಲ್ಲಿ. ಆದರೆ ಅದೇ ತಿಂಗಳ 14ರಂದು, ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕುಗಳು ಹಳೆಯ ನೋಟು ತೆಗೆದುಕೊಳ್ಳಕೂಡದೆಂದು ರಿಸರ್ವ್ ಬ್ಯಾಂಕ್ ತಡೆ ಹಾಕಿತು. ಹಿಂಗಾರಿನ ಹೊತ್ತು, ಕೂಲಿ ಕೊಡಬೇಕಾದ ಹೊತ್ತು. ತಾವು ದುಡಿದ ಹಣವನ್ನೇ ತಾವು ಮುಟ್ಟಲಾಗದೆ ಸಾಲಿನಲ್ಲಿ ನಿಂತವರು ಈ ಅಂಕಣ ಓದುವವರಲ್ಲಿ ಎಷ್ಟೋ ಮಂದಿ ಇದ್ದೀರಿ. ಮೇಲಿನವರ ಒಂದು ಆದೇಶದಿಂದ ಬೆಲೆ ಕಳೆದುಕೊಳ್ಳದ ಹಣ ಬೇಕು ಎಂಬ ಆಸೆ ಹುಟ್ಟುವುದು ತಪ್ಪಲ್ಲ.

ಆದರೆ ಆಸೆ ಬೇರೆ, ನಿತ್ಯದ ಬಳಕೆ ಬೇರೆ. ಹಣ ಎಂದರೆ ಗೊಬ್ಬರದ ಅಂಗಡಿಯವನು ತೆಗೆದುಕೊಳ್ಳಬೇಕು, ಸೊಸೈಟಿಯ ಸಾಲಕ್ಕೆ ಕಟ್ಟಲು ಬರಬೇಕು, ಬಿತ್ತನೆಗೂ ಕೊಯ್ಲಿಗೂ ನಡುವೆ ಅದರ ಬೆಲೆ ನಿಲ್ಲಬೇಕು. ಹಾಸನದ ಆಲೂಗೆಡ್ಡೆ ಮೂರು ತಿಂಗಳ ಬೆಳೆ. ಮೇ, ಜೂನ್‌ನಲ್ಲಿ ಬಿತ್ತನೆ ಗೆಡ್ಡೆಗೆ ಹಣ ಹಾಕಿ, ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಮಾರುತ್ತೇವೆ. ಗೆಡ್ಡೆಯ ಬೆಲೆ ಏರಿಳಿಯುವುದೇ ಸಾಕಷ್ಟು ತಲೆನೋವು. ಅಳೆಯುವ ಸೇರೂ ಹಿಗ್ಗಿ ಕುಗ್ಗಿದರೆ? 2021ರ ನವೆಂಬರ್‌ನಲ್ಲಿ ಒಂದು ಬಿಟ್‌ಕಾಯಿನ್ ಬೆಲೆ ಹತ್ತಿರ ಹತ್ತಿರ 69,000 ಡಾಲರ್. ಒಂದು ವರ್ಷ ಕಳೆಯುವಷ್ಟರಲ್ಲಿ ಸುಮಾರು 16,000 ಡಾಲರ್. ಆ ದಿನ 1 ಲಕ್ಷ ರೂಪಾಯಿ ಹಾಕಿದವನ ಕೈಯಲ್ಲಿ ವರ್ಷದ ಮೇಲೆ ಉಳಿದದ್ದು ಸುಮಾರು 25 ಸಾವಿರ. ಕಾದಿದ್ದರೆ 2024ರ ಡಿಸೆಂಬರ್ ಹೊತ್ತಿಗೆ ಬೆಲೆ 1 ಲಕ್ಷ ಡಾಲರ್ ದಾಟಿತ್ತಲ್ಲ ಎನ್ನುವಿರಿ. ನಿಜ, ಅವನ ಲಕ್ಷ ಒಂದೂವರೆ ಲಕ್ಷಕ್ಕೂ ಮೇಲಾಗುತ್ತಿತ್ತು. ಆದರೆ ಶೂನ್ಯ ಬಡ್ಡಿಯ ಬೆಳೆಸಾಲಕ್ಕೆ ಗಡುವಿದೆ. ಗಡುವು ಮೀರಿದರೆ ಬಡ್ಡಿ ಬೀಳುತ್ತದೆ. ಮೂರು ವರ್ಷ ಕಾಯಲು ಸಾಧ್ಯವಿರುವವನು ರೈತನಲ್ಲ, ಸಾಹುಕಾರ.

ಮಧ್ಯ ಅಮೆರಿಕದ ಎಲ್ ಸಾಲ್ವಡಾರ್ ಎಂಬ ಸಣ್ಣ ದೇಶ ಈ ಪ್ರಯೋಗವನ್ನು ಮಾಡಿಯೇ ನೋಡಿತು. 2021ರ ಸೆಪ್ಟೆಂಬರ್ 7ರಿಂದ ಬಿಟ್‌ಕಾಯಿನ್ ಅಲ್ಲಿ ಕಾನೂನುಬದ್ಧ ಹಣವಾಯಿತು. ಫೋನಿನಲ್ಲಿ ಸರ್ಕಾರಿ ಆಪ್ ಹಾಕಿಕೊಂಡವರಿಗೆ 30 ಡಾಲರ್ ಬಹುಮಾನ ಸಿಕ್ಕಿತು. ಅನೇಕರು ಬಹುಮಾನವನ್ನು ಖರ್ಚು ಮಾಡಿ ಸುಮ್ಮನಾದರು. 2025ರ ಜನವರಿಯಲ್ಲಿ, ಅಂತರರಾಷ್ಟ್ರೀಯ ಹಣಕಾಸು ನಿಧಿಯ ಸಾಲದ ಮಾತುಕತೆಯ ಬೆನ್ನಿಗೆ, ಅದನ್ನು ಸ್ವೀಕರಿಸಲೇಬೇಕೆಂಬ ಕಡ್ಡಾಯವನ್ನು ತೆಗೆದುಹಾಕಿದರು. ನಮ್ಮಲ್ಲಿ ಚಹಾದಂಗಡಿಯಿಂದ ಸಂತೆಯ ಸೊಪ್ಪಿನವಳವರೆಗೂ ಯುಪಿಐ ಹಬ್ಬಿದ್ದು ಬಹುಮಾನದ ಬಲದಿಂದ ಮಾತ್ರವಲ್ಲ. ಕೊಟ್ಟ ಹತ್ತು ರೂಪಾಯಿ ಹತ್ತು ರೂಪಾಯಿಯಾಗಿಯೇ ಸೇರುತ್ತದೆ, ಅಷ್ಟೇ.

ಯುಪಿಐ ಎಂದಾಗ ಇನ್ನೊಂದು ಮಾತು ಬರುತ್ತದೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ನಮ್ಮ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆಯಿಂದ ನೋಟಿಸು ಹೋದಾಗ, ಎಷ್ಟೋ ಅಂಗಡಿಗಳಲ್ಲಿ ‘ನಗದು ಮಾತ್ರ’ ಎಂಬ ಫಲಕ ಬಿತ್ತು. ಆಗ ಕೆಲವರು, ಬಿಟ್‌ಕಾಯಿನ್ ಆದರೆ ಯಾರ ಕಣ್ಣಿಗೂ ಬೀಳುವುದಿಲ್ಲ ಎಂದು ಹೇಳುತ್ತಾ ತಿರುಗಿದರು. ಇದು ಶುದ್ಧ ತಪ್ಪು. ಬಿಟ್‌ಕಾಯಿನ್ ಪುಸ್ತಕ ಎಲ್ಲರಿಗೂ ತೆರೆದಿರುತ್ತದೆ, ಅಳಿಸಲು ಬರುವುದಿಲ್ಲ. ಒಂದು ಸಲ ನಿಮ್ಮ ಹೆಸರು ಒಂದು ವಿಳಾಸಕ್ಕೆ ತಗಲಿಕೊಂಡರೆ, ಆ ವಿಳಾಸದ ಹಿಂದಿನ ವ್ಯವಹಾರವೆಲ್ಲ ಬಯಲು.

ಇನ್ನು ಯಜಮಾನನಿಲ್ಲ ಎಂಬುದರ ಇನ್ನೊಂದು ಮಗ್ಗುಲನ್ನು ನೋಡಿ. ಏನಾದರೂ ಕೆಟ್ಟರೆ ಯಾರ ಬಾಗಿಲು ತಟ್ಟಬೇಕು? ಬ್ಯಾಂಕು ಮುಳುಗಿದರೆ, ಜಿಲ್ಲಾ ಸಹಕಾರಿ ಬ್ಯಾಂಕೂ ಸೇರಿ, ಒಬ್ಬ ಠೇವಣಿದಾರನಿಗೆ 5 ಲಕ್ಷ ರೂಪಾಯಿವರೆಗೆ ವಿಮೆಯಿದೆ. (ಊರಿನ ಪ್ರಾಥಮಿಕ ಸಂಘದ ಠೇವಣಿಗೆ ಈ ವಿಮೆ ಇಲ್ಲ. ಬಹಳ ಮಂದಿಗೆ ಇದು ತಿಳಿದಿಲ್ಲ, ಆದ್ದರಿಂದ ಹೇಳಿದೆ.) ನಾಣ್ಯ ಕೊಂಡು ಮಾರುವ ವಜೀರ್‌ಎಕ್ಸ್ ಎಂಬ ದೊಡ್ಡ ಸಂಸ್ಥೆಯಿಂದ 2024ರ ಜುಲೈನಲ್ಲಿ ಸುಮಾರು 23 ಕೋಟಿ ಡಾಲರ್ ಬೆಲೆಯ ನಾಣ್ಯಗಳನ್ನು ಕಳ್ಳರು ಕಂಪ್ಯೂಟರಿನ ಮೂಲಕವೇ ಹೊತ್ತುಕೊಂಡು ಹೋದರು. ನಾಣ್ಯ ಇಟ್ಟವರು ವರ್ಷಕ್ಕೂ ಹೆಚ್ಚು ಕಾಲ ಅದನ್ನು ಹೊರತೆಗೆಯಲಾಗದೆ ಕಾದರು, ಇತ್ಯರ್ಥದ ವ್ಯವಹಾರ ಸಿಂಗಪುರದ ನ್ಯಾಯಾಲಯದಲ್ಲಿ ನಡೆಯಿತು. ಹಾಸನದ ಕೋರ್ಟಿಗೆ ಅಲೆಯುವುದೇ ಕಷ್ಟವೆನ್ನುವ ನಾವು ಸಿಂಗಪುರಕ್ಕೆ ಹೋಗುವುದು ಹೇಗೆ?

ಅದು ನಿಜವಾದ ನಾಣ್ಯ ವ್ಯಾಪಾರದ ಮಾತು. ಹಳ್ಳಿಗೆ ಬರುವುದರಲ್ಲಿ ಬಹುಪಾಲು ಅದೂ ಅಲ್ಲ. ನನಗೆ ಪರಿಚಯದ ಒಬ್ಬ ಯುವ ರೈತ ಶುಂಠಿ ಮಾರಿದ 80 ಸಾವಿರವನ್ನು ಫೋನಿನಲ್ಲಿ ಬಂದ ಒಂದು ಆಪ್‌ಗೆ ಹಾಕಿದ್ದ. ಒಂದೂವರೆ ತಿಂಗಳಿಗೆ ಅದರಲ್ಲಿ 1 ಲಕ್ಷ 40 ಸಾವಿರ ಎಂದು ಕಾಣುತ್ತಿತ್ತು. ಹಣ ತೆಗೆಯಲು ಹೋದಾಗ, ಮೊದಲು 30 ಸಾವಿರ ತೆರಿಗೆ ಕಟ್ಟಿ ಎಂಬ ಸಂದೇಶ ಬಂತು. ಕಟ್ಟಿದ. ಮರುದಿನ ಆಪ್ ತೆರೆಯಲೇ ಇಲ್ಲ. ಅಲ್ಲಿ ಬಿಟ್‌ಕಾಯಿನ್ ಎಂಬುದು ಹೆಸರಿಗೆ ಮಾತ್ರ ಇದ್ದದ್ದು, ನಾಣ್ಯವೇ ಇರಲಿಲ್ಲ. ಗೇನ್‌ಬಿಟ್‌ಕಾಯಿನ್ ಎಂಬ ಕುಖ್ಯಾತ ಯೋಜನೆಯಲ್ಲಿ ತಿಂಗಳಿಗೆ ಶೇಕಡಾ 10ರಂತೆ 18 ತಿಂಗಳು ಲಾಭ ಕೊಡುತ್ತೇವೆ ಎಂದು ಹೇಳಿ ದೇಶದಾದ್ಯಂತ ಜನರಿಂದ ಹಣ ಎತ್ತಿದ್ದರು. ತಿಂಗಳಿಗೆ ಶೇಕಡಾ 10 ಕೊಡುವ ಭೂಮಿಯನ್ನು ನಾನು ಈ ಜಿಲ್ಲೆಯಲ್ಲಿ ಕಂಡಿಲ್ಲ.

ಸರ್ಕಾರ ಏನು ಮಾಡುತ್ತಿದೆ? ಇಲ್ಲಿಯೇ ನನ್ನ ನಿಜವಾದ ತಕರಾರು. 2018ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕ್, ಈ ವ್ಯಾಪಾರದವರಿಗೆ ಬ್ಯಾಂಕುಗಳು ಸೇವೆ ಕೊಡಬಾರದೆಂದಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ, ತುಮಕೂರಿನಲ್ಲಿ ಹುಟ್ಟಿದ ಯುನೋಕಾಯಿನ್ ಸಂಸ್ಥೆ ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ಮಾಲ್ ಒಂದರಲ್ಲಿ ಬಿಟ್‌ಕಾಯಿನ್ ಯಂತ್ರವೊಂದನ್ನು ಇಟ್ಟಾಗ ಪೊಲೀಸರು ಅದನ್ನು ವಶಪಡಿಸಿಕೊಂಡರು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟು ರಿಸರ್ವ್ ಬ್ಯಾಂಕಿನ ಆ ಸುತ್ತೋಲೆಯನ್ನು ರದ್ದುಪಡಿಸಿತು. ಏಜೆಂಟರು ಇದನ್ನೇ ಹಿಡಿದು ‘ಸುಪ್ರೀಂ ಕೋರ್ಟೇ ಒಪ್ಪಿದೆ’ ಎನ್ನುತ್ತಾರೆ. ಕೋರ್ಟು ಹೇಳಿದ್ದು, ರಿಸರ್ವ್ ಬ್ಯಾಂಕಿಗೆ ಅಧಿಕಾರವಿದೆ, ಆದರೆ ತೋರಿಸಿದ ಹಾನಿಗಿಂತ ಹಾಕಿದ ತಡೆ ಮಿತಿಮೀರಿದ್ದು ಎಂದು. ಬಿಟ್‌ಕಾಯಿನ್ ಈ ದೇಶದ ಹಣ ಎಂದು ಯಾವ ಕೋರ್ಟೂ ಹೇಳಿಲ್ಲ. 2022ರ ಬಜೆಟ್ಟಿನಲ್ಲಿ ಇದರ ಲಾಭಕ್ಕೆ ಶೇಕಡಾ 30 ತೆರಿಗೆ ಬಂತು. ಅದೇ ಜುಲೈನಿಂದ ಮಾರಾಟದ ಮೇಲೆ ಶೇಕಡಾ 1 ಮುರಿಯುವ ಕ್ರಮವೂ ಬಂತು. 2023ರ ಮಾರ್ಚ್‌ನಿಂದ ಈ ವ್ಯಾಪಾರ ಸಂಸ್ಥೆಗಳು ಕಪ್ಪುಹಣ ತಡೆಯುವ ಕಾಯ್ದೆಯ ಕೆಳಗೆ ಬಂದು, ಕೇಂದ್ರದ ಹಣಕಾಸು ಗುಪ್ತಚರ ಘಟಕದಲ್ಲಿ ನೋಂದಾಯಿಸಿಕೊಳ್ಳಬೇಕಾಯಿತು.

ಈ ತೆರಿಗೆ ರೈತನಿಗೆ ಹೇಗೆ ತಗಲುತ್ತದೆ ಎಂಬುದನ್ನು ವಿವರವಾಗಿ ಹೇಳಬೇಕು. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ. ಆದರೆ ಆಲೂಗೆಡ್ಡೆ ಮಾರಿದ ಹಣದಿಂದಲೇ ಕೊಂಡ ನಾಣ್ಯವಾದರೂ ಅದರ ಲಾಭ ಕೃಷಿ ಆದಾಯವಲ್ಲ. ಮೊದಲ ರೂಪಾಯಿಯಿಂದಲೇ ಶೇಕಡಾ 30. ಒಂದು ನಾಣ್ಯದಲ್ಲಿ 50 ಸಾವಿರ ಲಾಭ, ಇನ್ನೊಂದರಲ್ಲಿ 60 ಸಾವಿರ ನಷ್ಟ ಆಯಿತೆನ್ನಿ. ಒಟ್ಟಿನಲ್ಲಿ 10 ಸಾವಿರ ಕಳೆದುಕೊಂಡಿರಿ. ಆದರೂ ನಷ್ಟವನ್ನು ಲಾಭದಲ್ಲಿ ಕಳೆಯಲು ಬಿಡುವುದಿಲ್ಲವಾದ್ದರಿಂದ 50 ಸಾವಿರಕ್ಕೆ 15 ಸಾವಿರ ತೆರಿಗೆ, ಮೇಲೆ ಸೆಸ್ಸು.

ತೆರಿಗೆ ತೆಗೆದುಕೊಳ್ಳುವ ಸರ್ಕಾರ ಕಾವಲು ಕೊಡುವುದಿಲ್ಲವೆಂದರೆ ಅದು ನ್ಯಾಯವಲ್ಲ ಎಂಬುದು ನನ್ನ ಅಭಿಪ್ರಾಯ. ತೆರಿಗೆ ಹಾಕಿದ ಮಾತ್ರಕ್ಕೆ ಮಾನ್ಯತೆ ಕೊಟ್ಟಂತಲ್ಲ ಎಂದು ಆಗಲೇ ಹಣಕಾಸು ಸಚಿವರು ಸಂಸತ್ತಿನಲ್ಲಿ ಹೇಳಿದ್ದಾರೆ. ಇತ್ತ ನಿಷೇಧವೂ ಇಲ್ಲ. ಈ ನಡುಹಾದಿಯಲ್ಲಿ ಸಿಕ್ಕಿಕೊಳ್ಳುವವನು ತಿಳಿವಳಿಕೆ ಕಡಿಮೆ ಇರುವವನು. ಹಿರಿಯರಿಗೆ ನೆನಪಿರಬಹುದು, ಒಂದು ಕಾಲದಲ್ಲಿ ಬಟ್ಟೆಯ ಮರೆಯಲ್ಲಿ ಬೆರಳು ಮುಟ್ಟಿ ಬೆಲೆ ಕಟ್ಟುತ್ತಿದ್ದರು. ತೂಕದ ಕಲ್ಲು ಯಾರದೋ, ಕಡಿತ ಎಷ್ಟೋ, ಬೆಳೆದವನಿಗೆ ತಿಳಿಯುತ್ತಿರಲಿಲ್ಲ. 1966ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯ್ದೆಯು ದಲ್ಲಾಳಿಗೆ ಲೈಸೆನ್ಸು, ಬಹಿರಂಗ ಹರಾಜು, ರಸೀದಿ ಎಂದು ವಿಧಿಸಿತು. ಮಾರುಕಟ್ಟೆ ಸಮಿತಿಗಳ ಹುಳುಕು ನನಗೂ ಗೊತ್ತು, ನಿಮಗೂ ಗೊತ್ತು. ಆದರೂ ಮೋಸವಾದರೆ ದೂರು ಕೊಡಲು ಒಂದು ಕಚೇರಿ ಇದೆ. ನಾಣ್ಯ ವ್ಯಾಪಾರಕ್ಕೂ ಅಂಥದೊಂದು ಪೂರ್ಣ ಕಾಯ್ದೆ ಬರಬೇಕು. ಗ್ರಾಹಕರ ನಾಣ್ಯವನ್ನು ಸಂಸ್ಥೆ ಬೇರೆ ಇಡಬೇಕು, ದೂರನ್ನು ಇಲ್ಲಿಯೇ ಕೇಳಬೇಕು. ನಿಷೇಧಿಸಿದರೆ ವ್ಯಾಪಾರ ನಿಲ್ಲುವುದಿಲ್ಲ, ಮತ್ತೆ ಬಟ್ಟೆಯ ಮರೆಗೆ ಹೋಗುತ್ತದೆ ಅಷ್ಟೇ.

ಸ್ವಾತಂತ್ರ್ಯದ ಪ್ರಶ್ನೆ ಇಲ್ಲಿಗೆ ಮುಗಿಯುವುದಿಲ್ಲ. ರಿಸರ್ವ್ ಬ್ಯಾಂಕೇ ‘ಡಿಜಿಟಲ್ ರೂಪಾಯಿ’ ಹೊರತಂದಿದೆ. 2022ರ ಡಿಸೆಂಬರ್ 1ರಂದು ಸಾಮಾನ್ಯರ ಬಳಕೆಯ ಪ್ರಯೋಗ ಶುರುವಾದಾಗ ಮೊದಲ ನಾಲ್ಕು ನಗರಗಳಲ್ಲಿ ಬೆಂಗಳೂರೂ ಒಂದು. ಇದು ಬಿಟ್‌ಕಾಯಿನ್ ಅಲ್ಲ. ಇದಕ್ಕೆ ಯಜಮಾನನಿದ್ದಾನೆ, ಬೆಲೆ ಏರಿಳಿಯುವುದಿಲ್ಲ. ಆದರೆ ಈ ರೂಪಾಯಿಗೆ ಷರತ್ತು ಕಟ್ಟಬಹುದು. 2024ರಲ್ಲಿ ಬೆಂಗಳೂರಿನಲ್ಲಿ ಮಾತನಾಡಿದ ಅಂದಿನ ಗವರ್ನರ್ ಶಕ್ತಿಕಾಂತ ದಾಸ್ ಅವರು, ಒಡಿಶಾ ಮತ್ತು ಆಂಧ್ರದ ಗೇಣಿ ರೈತರಿಗೆ ಸ್ಟೇಟ್ ಬ್ಯಾಂಕ್ ಇಂಥ ಹಣದಲ್ಲಿ ಸಾಲ ಕೊಡುವ ಪ್ರಯೋಗವನ್ನು ತಿಳಿಸಿದರು. ಆ ಹಣದಿಂದ ಬೀಜ, ಗೊಬ್ಬರದಂಥ ಸಾಮಗ್ರಿ ಮಾತ್ರ ಕೊಳ್ಳಬಹುದು.

ಪಹಣಿ ಇಲ್ಲದ ಗೇಣಿದಾರನಿಗೆ ಬ್ಯಾಂಕ್ ಸಾಲ ಸಿಗುವುದಾದರೆ ಅದು ದೊಡ್ಡ ಉಪಕಾರವೇ. ಶುಂಠಿಗೆ ಭೂಮಿ ಗೇಣಿಗೆ ಹಿಡಿಯುವ ನಮ್ಮ ಜಿಲ್ಲೆಗೆ ಅದರ ಅಗತ್ಯ ಬಹಳ. ಹಿಂದೆ ಸಹಕಾರ ಸಂಘಗಳು ಬೆಳೆಸಾಲದಲ್ಲಿ ಒಂದು ಭಾಗ ನಗದು, ಒಂದು ಭಾಗ ಗೊಬ್ಬರದ ರೂಪದಲ್ಲಿ ಕೊಡುತ್ತಿದ್ದದ್ದನ್ನು ನೀವು ಬಲ್ಲಿರಿ. ಬೇಡದ ಗೊಬ್ಬರವನ್ನು ಸಂಘದ ಬಾಗಿಲಲ್ಲೇ ಅರೆಬೆಲೆಗೆ ಮಾರಿ ಕೂಲಿಗೆ ಹಣ ಹೊಂದಿಸಿದವರೂ ಇದ್ದರು. ಸಾಗುವಳಿಯ ಖರ್ಚಿನಲ್ಲಿ ಕೂಲಿಯದು ದೊಡ್ಡ ಪಾಲು, ಅದನ್ನು ಷರತ್ತಿನ ಹಣದಲ್ಲಿ ಹೇಗೆ ಕೊಡುವುದು? ಎತ್ತಿಗೆ ಕಾಯಿಲೆ ಬಂದರೆ, ಮನೆಯಲ್ಲಿ ಯಾರಾದರೂ ಆಸ್ಪತ್ರೆ ಸೇರಿದರೆ? ಯಾವ ಗೊಬ್ಬರ, ಯಾವ ಅಂಗಡಿ ಎಂಬುದನ್ನೂ ದೂರದಲ್ಲಿ ಕೂತವರೇ ತೀರ್ಮಾನಿಸುವಂತಾದರೆ, ಕಾಂಪೋಸ್ಟ್ ಕೊಳ್ಳಬೇಕೆಂದವನು ಯೂರಿಯಾ ತರಬೇಕಾದೀತು. ಆದ್ದರಿಂದ ಈ ಷರತ್ತಿನ ಹಣ ನಮ್ಮ ಜಿಲ್ಲೆಗೆ ಬರುವ ಮೊದಲು ರೈತ ಸಂಘಗಳು, ಸಹಕಾರ ಸಂಘಗಳು ಇದನ್ನು ಚರ್ಚಿಸಬೇಕು. ಒಪ್ಪಿದವರಿಗೆ ಮಾತ್ರ ಕೊಡಬೇಕು, ಕೂಲಿಯ ಭಾಗವನ್ನು ಷರತ್ತಿಲ್ಲದೆ ಕೊಡಬೇಕು ಎಂದು ಕೇಳಬೇಕು. ನನ್ನ ಇಲಾಖೆಯವರೇ ಕೆಲವರು ಇದನ್ನು ಒಪ್ಪಲಾರರು. ಸಾಲದ ಹಣ ಪೋಲಾಗಬಾರದು ಎಂಬ ಅವರ ಮಾತಿನಲ್ಲಿಯೂ ಹುರುಳಿದೆ. ಆದರೆ ಯಾವುದು ಪೋಲು, ಯಾವುದು ಅಗತ್ಯ ಎಂಬುದು ಸಾಲ ತೀರಿಸುವವನಿಗೆ ಚೆನ್ನಾಗಿ ಗೊತ್ತಿರುತ್ತದೆ.

ಬಿಟ್‌ಕಾಯಿನ್ ಕೊಳ್ಳಲೇಬೇಕೆಂದು ಹಟ ಹಿಡಿದ ಮಗನಿದ್ದರೆ ಅವನೊಡನೆ ಜಗಳವಾಡಬೇಡಿ. ಬೆಳೆಸಾಲದ ಹಣ, ಭೂಮಿಯ ಪರಿಹಾರದ ಹಣ, ಮದುವೆಗೆ ಎತ್ತಿಟ್ಟ ಹಣ ಇದಕ್ಕಲ್ಲ ಎಂದು ಹೇಳಿ. ಸಂಸ್ಥೆ ಹಣಕಾಸು ಗುಪ್ತಚರ ಘಟಕದಲ್ಲಿ ನೋಂದಾಯಿಸಿದೆಯೇ ಎಂದು ನೋಡಿಸಿ. ನೋಂದಣಿ ಇದ್ದರೂ ಅದು ಹಣಕ್ಕೆ ಭರವಸೆಯಲ್ಲ. ಹಣ ತೆಗೆಯುವ ಮೊದಲು ತೆರಿಗೆ ಕಟ್ಟಿ ಎಂದು ಆಪ್‌ನವರು ಕೇಳಿದರೆ ಅಲ್ಲಿಗೆ ನಿಲ್ಲಿಸಿ, ನಿಜವಾದ ತೆರಿಗೆಯನ್ನು ಹಾಗೆ ವಸೂಲು ಮಾಡುವುದಿಲ್ಲ. ಮೋಸ ಹೋದದ್ದು ತಿಳಿದ ಕೂಡಲೇ 1930 ಸಂಖ್ಯೆಗೆ ಫೋನ್ ಮಾಡಿ. ಹಣ ಇನ್ನೂ ಬ್ಯಾಂಕ್ ಖಾತೆಯಲ್ಲಿದ್ದರೆ ತಡೆಹಿಡಿಯಬಹುದು, ನಾಣ್ಯವಾಗಿ ದೇಶ ದಾಟಿದ ಮೇಲೆ ಬಹಳ ಕಷ್ಟ. ಊರಿನಲ್ಲಿ ನಗುತ್ತಾರೆಂದು ಅಂಜಿ ವಾರಗಟ್ಟಲೆ ಸುಮ್ಮನೆ ಕೂರುವವರೇ ಹೆಚ್ಚು. ಹಾಸನದ ಸಿಇಎನ್ ಠಾಣೆಗೆ ಹೋಗುವಾಗ ಹಣ ಕಳಿಸಿದ ಖಾತೆಯ ಸಂಖ್ಯೆ, ದಿನಾಂಕ, ಫೋನಿಗೆ ಬಂದ ಸಂದೇಶ ಇವನ್ನು ಅಳಿಸದೆ ತೆಗೆದುಕೊಂಡು ಹೋಗಿ.