ತಿದ್ದಿದ ಅಂಕಿಗೂ ರುಜು ಬೇಕು



ಸಂಘಗಳ ಲೆಕ್ಕಪತ್ರ ಕಂಪ್ಯೂಟರಿಗೆ ಏರಿದ್ದರಿಂದ ನಮಗೆ ಅನುಕೂಲವೇ ಆಗಿದೆ. ಹಾಕಿದ ಅಡಿಕೆಯ ತೂಕವೆಷ್ಟು, ಕಾಫಿಯ ಔಟ್‌ಟರ್ನ್ ಎಷ್ಟು, ಸಾಲದ ಬಾಕಿ ಎಷ್ಟು ಎಂದು ತಿಳಿಯಲು ಈಗ ಬಸ್ಸು ಹಿಡಿದು ಪೇಟೆಗೆ ಹೋಗಬೇಕಾಗಿಲ್ಲ. ಸಿಗ್ನಲ್ ಸಿಗುವ ದಿಣ್ಣೆಗೆ ಹೋಗಿ ಮೊಬೈಲ್ ತೆರೆದರೆ ಸಾಕು. ಕೇಂದ್ರ ಸರಕಾರವೂ 2022ರ ಜೂನ್ ತಿಂಗಳಲ್ಲಿ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಿಸುವ 2,516 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆ ನೀಡಿತು. ಇನ್ನು ಹಳೆಯ ದಫ್ತರಕ್ಕೆ ಹಿಂದಿರುಗುವ ಮಾತಿಲ್ಲ. ಹಿಂದಿರುಗಬೇಕೆಂದು ನಾನು ಹೇಳುವುದೂ ಇಲ್ಲ.

ಆದರೆ ಒಂದು ವಿಷಯವನ್ನು ನಾವು ಕೇಳದೆ ಬಿಟ್ಟಿದ್ದೇವೆ. ಅಂಕಿ ಈಗ ಎಷ್ಟಿದೆ ಎಂಬುದನ್ನು ಮೊಬೈಲ್ ತೋರಿಸುತ್ತದೆ. ಅದು ನಿನ್ನೆ ಎಷ್ಟಿತ್ತು, ಬದಲಾಗಿದ್ದರೆ ಯಾರು ಬದಲಾಯಿಸಿದರು, ಯಾವಾಗ, ಏಕೆ ಎಂಬುದನ್ನೂ ತೋರಿಸಬೇಕಲ್ಲವೆ?

ನನ್ನ ಸ್ವಂತ ಅನುಭವ ಹೇಳುತ್ತೇನೆ. ಊರು, ಹೆಸರು ಬೇಡ. ಒಂದು ಸಾಲಿನಲ್ಲಿ ನಲವತ್ತು ಮೂಟೆ ರೊಬಸ್ಟಾ ಚೆರಿ ಹಾಕಿದ್ದೆ. ಔಟ್‌ಟರ್ನ್ 28 ಎಂದು ಮೊಬೈಲಿನಲ್ಲಿ ಬಂದಿತ್ತು. ಎಂಟು ದಿನ ಕಳೆದು ನೋಡಿದರೆ ಅದೇ ಜಾಗದಲ್ಲಿ 26. ಐವತ್ತು ಕಿಲೋ ಮೂಟೆಗೆ ಎರಡು ಕಿಲೋ ಬೀಜ ಕಡಿಮೆ ಎಂದರೆ ನಲವತ್ತು ಮೂಟೆಗೆ ಎಂಬತ್ತು ಕಿಲೋ! ಹೋಗಿ ವಿಚಾರಿಸಿದೆ. ಗುಮಾಸ್ತ ಹುಡುಗ ಪರದೆಯನ್ನೇ ನನ್ನ ಕಡೆ ತಿರುಗಿಸಿ, "ನೋಡಿ ಅಣ್ಣಾ, ಇಲ್ಲಿ 26 ಅಂತಲೇ ಇದೆ. ಮುಂಚೆ ಏನಿತ್ತೋ ಅದು ಇದರಲ್ಲಿ ಬರೋದಿಲ್ಲ" ಎಂದ. ತಂತ್ರಾಂಶ ಮಾಡಿಕೊಟ್ಟವರಿಗೆ ಫೋನು ಮಾಡಿಸಿದೆ. ಅವರದೂ ಅದೇ ಉತ್ತರ.

ಕೊನೆಗೆ ಮೇಜಿನ ಡ್ರಾಯರಿನಲ್ಲಿ ಮಾದರಿ ಪರೀಕ್ಷೆಯ ಚೀಟಿ ಸಿಕ್ಕಿತು. ಮೊದಲ ದಿನ ಬೇರೊಬ್ಬರ ಮಾದರಿಯ ಅಂಕಿ ನನ್ನ ಹೆಸರಿಗೆ ಏರಿತ್ತು. ಆಮೇಲೆ ತಿದ್ದಿದ್ದೇ ಸರಿಯಾದ ಅಂಕಿ. ನನಗೆ ಬರಬೇಕಾದ ಹಣದಲ್ಲಿ ಒಂದು ಪೈಸೆಯೂ ಹೋಗಲಿಲ್ಲ. ಆದರೆ ಅಷ್ಟರಲ್ಲಿ ಒಬ್ಬ ಪ್ರಾಮಾಣಿಕ ಹುಡುಗನನ್ನು ನಾನು ಮನಸ್ಸಿನಲ್ಲಿ ಕಳ್ಳನೆಂದು ಎಣಿಸಿಯಾಗಿತ್ತು, ನಾಲ್ಕು ಮಂದಿಯ ಎದುರು ಆಡಿಯೂ ಆಗಿತ್ತು. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆ?

ಹಳೆಯ ಖಾತೆ ಪುಸ್ತಕದಲ್ಲಿ ಹೀಗಾಗುತ್ತಿರಲಿಲ್ಲ. ಅಂಕಿ ತಪ್ಪಿದರೆ ಕೆರೆದು ಅಳಿಸುವಂತಿರಲಿಲ್ಲ. ಹಳೆಯದು ಓದಲು ಸಿಗುವಂತೆ ಒಂದು ಗೆರೆ ಎಳೆದು, ಮೇಲೆ ಹೊಸ ಅಂಕಿ ಬರೆದು, ಪಕ್ಕದಲ್ಲಿ ರುಜು ಹಾಕಿ ತಾರೀಖು ಬರೆಯಬೇಕಿತ್ತು. ರುಜು ಇಲ್ಲದ ಚಿತ್ತು ಕಂಡರೆ ಆಡಿಟರು ಅಲ್ಲಿಯೇ ನಿಲ್ಲುತ್ತಿದ್ದರು. ಕಾಗದದಲ್ಲಿ ಇಷ್ಟು ಕಟ್ಟುನಿಟ್ಟು ಇಟ್ಟುಕೊಂಡಿದ್ದ ನಾವು ಕಂಪ್ಯೂಟರು ಬಂದೊಡನೆ ಅದನ್ನು ಬಿಟ್ಟುಕೊಟ್ಟಿದ್ದೇಕೆ?

ಯಂತ್ರಕ್ಕೆ ಅದು ಸಾಧ್ಯವಿಲ್ಲವೆಂದಲ್ಲ. ಮಗಳು ಕಂಪ್ಯೂಟರ್ ಓದಿದವಳಾದ್ದರಿಂದ ಅವಳನ್ನು ಕೂರಿಸಿಕೊಂಡು ಕೇಳಿ ತಿಳಿದುಕೊಂಡೆ. ಡೇಟಾಬೇಸಿನ ಬದಲಾವಣೆಯನ್ನು ವೆಬ್ ಅಪ್ಲಿಕೇಶನ್ನಿನಿಂದ ಕಾಯುವುದಕ್ಕೆ ಮುಖ್ಯವಾಗಿ ಮೂರು ದಾರಿಗಳಿವೆ.

ಮೊದಲನೆಯದು, ಮತ್ತೆ ಮತ್ತೆ ಹೋಗಿ ಕೇಳುವುದು. ಹತ್ತು ನಿಮಿಷಕ್ಕೊಮ್ಮೆ ಆಳನ್ನು ಮಂಡಿಗೆ ಕಳಿಸಿ ಧಾರಣೆ ವಿಚಾರಿಸಿದ ಹಾಗೆ. ಇದು ಸುಲಭ, ಆದರೆ ಎರಡು ಸಲ ಕೇಳುವುದರ ನಡುವೆ ಅಂಕಿ 28 ಇದ್ದದ್ದು 26 ಆಗಿ ಮರಳಿ 28 ಆದರೆ ನಮಗೆ ಗೊತ್ತೇ ಆಗುವುದಿಲ್ಲ.

ಎರಡನೆಯದು, ಡೇಟಾಬೇಸೇ ಕೂಗಿ ಹೇಳುವುದು. ಅಂಕಿ ಬದಲಾದ ಕ್ಷಣವೇ ತಾನಾಗಿ ನಡೆಯುವ ಟ್ರಿಗ್ಗರ್ ಎಂಬ ಏರ್ಪಾಡು ಅದರಲ್ಲಿದೆ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸಿನಲ್ಲಿ ನೋಟಿಫೈ ಎಂಬ ಆಜ್ಞೆಯಿಂದ ಆ ಸುದ್ದಿಯನ್ನು ಕೇಳುತ್ತಿರುವವರಿಗೆ ಆಗಲೇ ಮುಟ್ಟಿಸಬಹುದು. ಇಲ್ಲಿಯೂ ಒಂದು ಕೊರತೆ: ಕೂಗಿದಾಗ ಕೇಳುವವರು ಇಲ್ಲದಿದ್ದರೆ ಆ ಕೂಗು ಹೋದಂತೆಯೆ. ಮಳೆಗಾಲದಲ್ಲಿ ನಮ್ಮ ಕಡೆ ವಿದ್ಯುತ್ತೂ ಲೈನೂ ಎಷ್ಟು ಹೊತ್ತು ಇರುತ್ತವೆಂಬುದನ್ನು ನಿಮಗೆ ಹೇಳಬೇಕಾಗಿಲ್ಲ.

ಮೂರನೆಯದು, ದಿನವಹಿಯನ್ನು ಓದುವುದು. ನಮ್ಮ ಹಿರಿಯರು ವ್ಯವಹಾರವನ್ನು ಮೊದಲು ದಿನವಹಿಯಲ್ಲಿ ಬರೆದು ಆಮೇಲೆ ಖಾತೆಗೆ ಏರಿಸುತ್ತಿದ್ದರಷ್ಟೆ. ಡೇಟಾಬೇಸೂ ಹಾಗೆಯೇ ಮಾಡುತ್ತದೆ! ಪೋಸ್ಟ್‌ಗ್ರೆಸ್ ಪ್ರತಿ ಬದಲಾವಣೆಯನ್ನೂ ಮೊದಲು ಲಾಗ್ ಎಂಬ ದಾಖಲೆಯಲ್ಲಿ ಸಾಲಾಗಿ ಬರೆದುಕೊಂಡು ಆಮೇಲೆ ಖಾತೆಗೆ ಏರಿಸುತ್ತದೆ. ಮೈಎಸ್‌ಕ್ಯೂಎಲ್‌ನಲ್ಲಿಯೂ ಬದಲಾವಣೆಗಳನ್ನು ಬರೆದಿಡುವ ಇಂಥದೇ ಲಾಗ್ ಉಂಟು. ಈ ದಿನವಹಿಯನ್ನು ಓದುವವನು ಲೈನು ಹೋದಾಗ ಎಲ್ಲಿ ನಿಲ್ಲಿಸಿದ್ದನೋ ಅಲ್ಲಿಂದಲೇ ಮುಂದೆ ಓದಬಹುದು. ಇನ್ನೂ ದೊಡ್ಡ ಲಾಭವೆಂದರೆ, ಸಂಘದ ಪರದೆಯ ಮೂಲಕ ಬಾರದೆ ಹಿಂಬಾಗಿಲಿನಿಂದ ನೇರವಾಗಿ ಡೇಟಾಬೇಸಿಗೆ ಕೈಹಾಕಿ ತಿದ್ದಿದರೂ ಅದು ಇಲ್ಲಿ ಸಿಕ್ಕಿಬೀಳುತ್ತದೆ. ಪರದೆಯನ್ನು ಮಾತ್ರ ಕಾಯುವವನು ಮುಂಬಾಗಿಲು ಕಾಯುವವನಷ್ಟೆ.

ಆದರೆ ದಿನವಹಿ ಒಂದೇ ಸಾಲದು. ತಂತ್ರಾಂಶವು ಸಾಮಾನ್ಯವಾಗಿ ಒಂದೇ ಹೆಸರಿನಲ್ಲಿ ಡೇಟಾಬೇಸಿಗೆ ಹೋಗುವುದರಿಂದ, ಕೀಲಿ ಒತ್ತಿದ ಮನುಷ್ಯ ಯಾರೆಂಬುದು ಆ ದಿನವಹಿಗೆ ತಿಳಿಯದು. ಅದನ್ನು ತಂತ್ರಾಂಶವೇ ಬರೆದಿಡಬೇಕು. ಜಾಗ ಉಳಿಸಲು ಹಳೆಯ ಲಾಗನ್ನು ಯಂತ್ರ ಅಳಿಸುವುದೂ ಉಂಟು. ಅಳಿಯುವ ಮೊದಲು ಅದರ ಪ್ರತಿ ಬೇರೆಡೆ ಸೇರಬೇಕು.

ಇದೆಲ್ಲ ಎಂಬತ್ತು ಕಿಲೋ ಕಾಫಿಯ ಮಾತೆಂದು ಯಾರೂ ನಗಬಾರದು. ಬ್ರಿಟನ್ನಿನ ಅಂಚೆ ಇಲಾಖೆಯಲ್ಲಿ ನಡೆದದ್ದನ್ನು ನೋಡಿ. 1999ರಿಂದ ಅಲ್ಲಿನ ಅಂಚೆ ಕಚೇರಿಗಳಿಗೆ ಹೊರೈಜ಼ನ್ ಎಂಬ ಲೆಕ್ಕದ ವ್ಯವಸ್ಥೆ ಬಂತು. ಫ್ಯುಜಿತ್ಸು ಕಂಪನಿ ಅದನ್ನು ನಡೆಸುತ್ತಿತ್ತು. ಸಣ್ಣ ಊರುಗಳಲ್ಲಿ ಅಂಗಡಿಯ ಜೊತೆಗೆ ಅಂಚೆ ಕಚೇರಿ ನಡೆಸುತ್ತಿದ್ದವರ ಲೆಕ್ಕದಲ್ಲಿ ಹಣ ಕಡಿಮೆಯೆಂದು ಪರದೆ ತೋರಿಸತೊಡಗಿತು. ಕಂಪ್ಯೂಟರ್ ತಪ್ಪುವುದಿಲ್ಲವೆಂದು ಮೇಲಿನವರು ಹಟ ಹಿಡಿದರು. 2015ರವರೆಗೆ 900ಕ್ಕೂ ಹೆಚ್ಚು ಮಂದಿಗೆ ಕಳ್ಳತನ, ಸುಳ್ಳು ಲೆಕ್ಕಗಳ ಆರೋಪದಲ್ಲಿ ಶಿಕ್ಷೆಯಾಯಿತು. ಗರ್ಭಿಣಿ ಹೆಣ್ಣುಮಗಳೊಬ್ಬಳು ಜೈಲು ಸೇರಿದಳು. ಮನೆ ಮಾರಿ ಹಣ ತುಂಬಿದವರಿದ್ದರು. ಅಲನ್ ಬೇಟ್ಸ್ ಎಂಬವರು ಮುಂದಾಗಿ 555 ಮಂದಿ ಕೂಡಿ ದಾವೆ ಹೂಡಿದ ಮೇಲೆ, 2019ರ ಡಿಸೆಂಬರ್ 16ರಂದು ಹೈಕೋರ್ಟು ತೀರ್ಪು ಕೊಟ್ಟಿತು: ವ್ಯವಸ್ಥೆಯಲ್ಲಿ ದೋಷಗಳಿದ್ದವು, ಅಷ್ಟೇ ಅಲ್ಲ, ಕಚೇರಿ ನಡೆಸುವವರಿಗೆ ತಿಳಿಯದಂತೆಯೇ ಅವರ ಲೆಕ್ಕವನ್ನು ದೂರದಿಂದ ಬದಲಾಯಿಸುವುದು ಸಾಧ್ಯವಿತ್ತು. ಉಳಿದವರ ಶಿಕ್ಷೆಗಳನ್ನು ಸಾರಾಸಗಟಾಗಿ ರದ್ದು ಮಾಡಲು 2024ರಲ್ಲಿ ಪಾರ್ಲಿಮೆಂಟು ಕಾನೂನನ್ನೇ ತರಬೇಕಾಯಿತು.

ಅಲ್ಲಿ ಸಿಕ್ಕಿಬಿದ್ದವರು ದೊಡ್ಡವರಲ್ಲ; ಪರದೆಯ ಮುಂದೆ ಕುಳಿತ ಸಣ್ಣವರು. ಆದ್ದರಿಂದ ತಿದ್ದುಪಡಿಯ ದಾಖಲೆ ಕೇಳಿದರೆ ನಮ್ಮ ಮೇಲೆ ಸಂಶಯವೆ ಎಂದು ಸಂಘದ ನೌಕರರು ಬೇಸರಪಡಬೇಕಾಗಿಲ್ಲ. ಆ ದಾಖಲೆ ಮೊದಲು ಕಾಯುವುದು ಅವರನ್ನೇ. ಡ್ರಾಯರಿನಲ್ಲಿ ಆ ಚೀಟಿ ಸಿಗದೆ ಹೋಗಿದ್ದರೆ ನಮ್ಮ ಗುಮಾಸ್ತ ಹುಡುಗನ ಗತಿ ಏನಾಗುತ್ತಿತ್ತೆಂದು ನಾನು ಈಗಲೂ ಯೋಚಿಸುತ್ತೇನೆ.

ನಮ್ಮ ನಾಡಿಗೆ ಇದು ಹೊಸ ಮಾತೂ ಅಲ್ಲ. ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ ಭೂಮಿ ಯೋಜನೆಯಲ್ಲಿ, ಕೆಲಸ ಮಾಡುವ ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕೆಂಬ ಏರ್ಪಾಡು ಮಾಡಿದರು. ಯಾವ ಬದಲಾವಣೆ ಯಾರ ಕೈಯಿಂದ ಆಯಿತೆಂದು ಆಮೇಲೆ ಅಲ್ಲಗಳೆಯುವಂತಿಲ್ಲ. ಪಹಣಿಯಲ್ಲಿ ಹೆಸರು ಬದಲಾಗುವ ಮೊದಲು ನೋಟೀಸು ಕೊಟ್ಟು ಆಕ್ಷೇಪಣೆಗೆ ಅವಕಾಶ ಕೊಡುವ ಪದ್ಧತಿಯೂ ನಮಗೆಲ್ಲ ಗೊತ್ತಿರುವುದೇ. ಕಂಪನಿಗಳ ವಿಷಯದಲ್ಲಿ, ಲೆಕ್ಕದ ತಂತ್ರಾಂಶವು ಪ್ರತಿ ತಿದ್ದುಪಡಿಯನ್ನೂ ತಾರೀಖಿನೊಡನೆ ಬರೆದಿಡಬೇಕು, ಆ ಏರ್ಪಾಡನ್ನು ನಿಲ್ಲಿಸಲು ಬರಬಾರದು ಎಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದು ಕಂಪನಿ ಕಾಯ್ದೆಯ ಕೆಳಗಿನ ನಿಯಮ. ಸಹಕಾರ ಸಂಘಗಳಿಗೆ ತಾನಾಗಿ ಅನ್ವಯಿಸುವುದಿಲ್ಲ. ಲಾಭಕ್ಕಾಗಿ ನಡೆಯುವ ಕಂಪನಿಗೆ ಇರುವ ಕಟ್ಟಳೆ, ಪರಸ್ಪರ ನಂಬಿಕೆಯಿಂದ ನಡೆಯುವ ಸಂಘಕ್ಕೆ ಬೇಡವೆ? ಕಾಯ್ದೆ ಬರಲೆಂದು ನಾವು ಕಾಯಬೇಕಾಗಿಲ್ಲ. ನಮ್ಮ ಮಹಾಸಭೆಯೇ ಠರಾವು ಮಾಡಬಹುದು.

ನನ್ನ ಸಲಹೆಗಳು ಇಷ್ಟು. ಒಮ್ಮೆ ಏರಿದ ಅಂಕಿಯನ್ನು ಅಳಿಸಕೂಡದು. ತಪ್ಪಿದ್ದರೆ ತಿದ್ದುಪಡಿಯ ನಮೂದು ಬೇರೆಯೇ ಬೀಳಲಿ. ಅದರಲ್ಲಿ ಹಳೆಯ ಅಂಕಿ, ಹೊಸ ಅಂಕಿ, ತಿದ್ದಿದವರ ಹೆಸರು, ದಿನ, ವೇಳೆ, ಕಾರಣ ಇರಲಿ. ಪ್ರತಿ ನೌಕರನಿಗೂ ಅವನದೇ ಪಾಸ್‌ವರ್ಡ್ ಇರಲಿ. ಎಲ್ಲರಿಗೂ ಒಂದೇ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಪರದೆಗೆ ಅಂಟಿಸುವುದು ನಿಲ್ಲಲಿ. ಸದಸ್ಯನ ತೂಕ, ದರ್ಜೆ, ಔಟ್‌ಟರ್ನ್, ಬಾಕಿ ಇವುಗಳಲ್ಲಿ ಯಾವುದನ್ನು ತಿದ್ದಿದರೂ ಆ ಸದಸ್ಯನಿಗೆ ಆಗಲೇ ಒಂದು ಎಸ್ಸೆಮ್ಮೆಸ್ ಹೋಗಲಿ. ಇಂಟರ್ನೆಟ್ ಇಲ್ಲದ ಸಾದಾ ಫೋನಿಗೂ ಅದು ಮುಟ್ಟುತ್ತದೆ. ಡೇಟಾಬೇಸಿನ ಲಾಗಿನ ಒಂದು ಪ್ರತಿ ಸಂಘದ ಕೈಯಲ್ಲೂ ತಂತ್ರಾಂಶದವರ ಕೈಯಲ್ಲೂ ಅಲ್ಲದೆ ಮೂರನೆಯವರಲ್ಲಿ, ಆಡಿಟರಲ್ಲಿಯೋ ಜಿಲ್ಲಾ ಮಟ್ಟದ ಒಕ್ಕೂಟದಲ್ಲಿಯೋ ಇರಲಿ. ಏಕೆಂದರೆ ಡೇಟಾಬೇಸಿನ ಪೂರ್ಣ ಅಧಿಕಾರ ಉಳ್ಳವನು ಟ್ರಿಗ್ಗರನ್ನೂ ನಿಲ್ಲಿಸಬಲ್ಲ.

ಖರ್ಚಿನ ಮಾತು ಬರುತ್ತದೆ. ನಾನು ಹೇಳಿದ ಪೋಸ್ಟ್‌ಗ್ರೆಸ್ ಉಚಿತವಾಗಿ ಸಿಗುವಂಥದು. ಲಾಗೂ ಟ್ರಿಗ್ಗರೂ ಅದರೊಳಗೇ ಇವೆ. ಅವನ್ನು ಹೊಂದಿಸುವ ಕೂಲಿ, ಎಸ್ಸೆಮ್ಮೆಸ್ಸಿನ ಖರ್ಚು, ಪ್ರತಿ ಇಡುವ ಜಾಗ, ಇಷ್ಟಕ್ಕೆ ಹಣ ಬೇಕು. ತಂತ್ರಾಂಶಕ್ಕೆ ಒಪ್ಪಂದ ಬರೆಯುವಾಗಲೇ ಇದನ್ನು ಸೇರಿಸಿಕೊಂಡರೆ ಹೊರೆ ಕಡಿಮೆ. ಆಮೇಲೆ ಕೇಳಿದರೆ ಅವರು ಹೇಳಿದ್ದೇ ದರ.

ಧಾರಣೆ ಕ್ಷಣಕ್ಷಣಕ್ಕೂ ಮೊಬೈಲಿನಲ್ಲಿ ಓಡಬೇಕೆಂದು ಕೇಳುವ ಸದಸ್ಯರು ಅನೇಕರಿದ್ದಾರೆ. ಓಡಲಿ, ಬೇಡವೆನ್ನುವುದಿಲ್ಲ. ಆದರೆ ಆ ಧಾರಣೆಯಲ್ಲಿ ಗುಣಿಸಬೇಕಾದ ನಮ್ಮ ತೂಕ ಯಾರಿಗೂ ತಿಳಿಯದಂತೆ ಬದಲಾಗಬಹುದಾದರೆ, ಓಡುವ ಧಾರಣೆಯಿಂದ ಬಂದ ಭಾಗ್ಯವೇನು? ಬರುವ ಮಹಾಸಭೆಯಲ್ಲಿ ಈ ವಿಷಯವನ್ನು ಎತ್ತಲು ಲಿಖಿತ ಸೂಚನೆ ಕೊಟ್ಟಿದ್ದೇನೆ. ಸದಸ್ಯರು ಯೋಚಿಸಿ, ಸರಿಕಂಡರೆ ಬೆಂಬಲಿಸಬೇಕಾಗಿ ವಿನಂತಿ.

ಇಂತು,
ಒಬ್ಬ ಸಣ್ಣ ಬೆಳೆಗಾರ