ಗೋಡೆಗೆ ತೊಡಿಸುವ ಅಂಗಿ ಯಾರ ಸುಖಕ್ಕೆ?

ನೋಯ್ಡಾದಲ್ಲಿ ಮನೆ ಕಟ್ಟಿಸುವ, ಅಥವಾ ಇಪ್ಪತ್ತು ಮೂವತ್ತು ವರ್ಷದ ಹಳೆಯ ಮನೆಗೆ ಹೊಸ ಮುಖ ಕೊಡಿಸುವ ನಮ್ಮ ಕನ್ನಡ ಬಂಧುಗಳಲ್ಲಿ ಈಗೊಂದು ಗೀಳು ಹಬ್ಬಿದೆ. ಗೃಹಪ್ರವೇಶಕ್ಕೆ ಹೋದರೆ ದೇವರ ಕೋಣೆಗಿಂತ ಮೊದಲು ‘ಎಲಿವೇಷನ್’ ತೋರಿಸುತ್ತಾರೆ. ಬೀದಿಗೆ ಕಾಣುವ ಗೋಡೆಯ ಮೇಲೆ ಒಂದೆಡೆ ಕಪ್ಪು ಅಲ್ಯೂಮಿನಿಯಂ ತಗಡು, ಇನ್ನೊಂದೆಡೆ ಅಂಟಿಸಿದ ಕಲ್ಲಿನ ಹಲಗೆ, ನಡುವೆ ಎರಡಾಳೆತ್ತರದ ಗಾಜು. “ಹೇಗಿದೆ?” ಎಂದು ಕೇಳಿದಾಗ “ಚೆನ್ನಾಗಿದೆ” ಎಂದು ಹೇಳಿ, ಹೋಳಿಗೆ ತಿಂದು ಬಂದಿದ್ದೇವೆ. ಮನಸ್ಸಿನಲ್ಲಿದ್ದುದನ್ನು ಇಲ್ಲಿ ಹೇಳಿಬಿಡುತ್ತೇವೆ: ಈ ಊರಿನ ಹವೆಗೆ ಇದು ಚೆನ್ನಾಗಿಲ್ಲ. ಕೋಪಿಸಿಕೊಳ್ಳುವವರು ಪೂರ್ತಿ ಓದಿ ಕೋಪಿಸಿಕೊಳ್ಳಬೇಕೆಂದು ವಿನಂತಿ.

ನಾವು ಬಂದದ್ದು ಹಿತವಾದ ಸೀಮೆಯಿಂದ. 2016ರ ಏಪ್ರಿಲ್‌ನಲ್ಲಿ ಬೆಂಗಳೂರು 39.2 ಡಿಗ್ರಿ ಮುಟ್ಟಿದಾಗ ಊರಿಗೆ ಊರೇ ಹಾಹಾಕಾರವೆದ್ದಿತು. ಇಲ್ಲಿ ಅದು ಏಪ್ರಿಲ್ ತಿಂಗಳ ಸಾಧಾರಣ ಮಧ್ಯಾಹ್ನ. ನಮ್ಮ ನೆರೆಯ ದೆಹಲಿಯ ಸಫ್ದರ್‌ಜಂಗ್‌ನಲ್ಲಿ 2024ರ ಮೇ 29ರಂದು 46.8 ಡಿಗ್ರಿ, ಅದೇ ಜಾಗದಲ್ಲಿ 2023ರ ಜನವರಿ 8ರಂದು 1.9 ಡಿಗ್ರಿ. ಇವೆರಡರ ನಡುವೆ ಲೂ ಗಾಳಿ, ಧೂಳಿನ ಆಂಧಿ, ಎರಡು ತಿಂಗಳು ಬಿಡದ ಮಳೆಯ ತೇವ, ನವೆಂಬರಿನ ಹೊಗೆ, ಡಿಸೆಂಬರಿನ ಮಂಜು. ಇಷ್ಟನ್ನೂ ಮೈಮೇಲೆ ತೆಗೆದುಕೊಳ್ಳುವುದು ಮನೆಯ ಹೊರಗೋಡೆ. ಅದಕ್ಕೆ ತೊಡಿಸುವ ಅಂಗಿಯನ್ನು ಮದುವೆ ಸೀರೆಯಂತೆ ಬಣ್ಣ ನೋಡಿ ಆರಿಸುತ್ತೇವಲ್ಲ!

ನಮ್ಮ ಹಿರಿಯರಿಗೆ ಈ ವಿವೇಕ ಇತ್ತು. ಮಲೆನಾಡಿನಲ್ಲಿ ಮಳೆಗಾಲಕ್ಕೆ ಮುಂಚೆ, ಇರಿಚಲು ಹೊಡೆಯುವ ಕಡೆಯ ಮಣ್ಣಿನ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಎಲ್ಲ ಗೋಡೆಗೂ ಅಲ್ಲ, ಏಟು ಬೀಳುವ ಗೋಡೆಗೆ ಮಾತ್ರ. ತಟ್ಟಿಗೂ ಗೋಡೆಗೂ ನಡುವೆ ಗಾಳಿಯಾಡುತ್ತಿತ್ತು. ಮಳೆ ಮುಗಿದ ಮೇಲೆ ಬಿಚ್ಚಿ ತೆಗೆಯುತ್ತಿದ್ದರು. ನೋಡಲು ಸೊಗಸಾಗಿತ್ತೆಂದು ಯಾರೂ ಹೇಳಲಾರರು. ಆದರೆ ಒಳಗೆ ಗೋಡೆ ಒಣಗಿರುತ್ತಿತ್ತು.

ಈಗ ಇಲ್ಲಿ ಒಬ್ಬ ಮಿತ್ರರು ಇಟ್ಟಿಗೆ ಗೋಡೆಯ ಮೇಲೆ ಮುರಕಲ್ಲಿನ ಬಣ್ಣದ ಟೈಲ್ಸ್ ಅಂಟಿಸಿದ್ದಾರೆ, ಮನೆ ಮಂಗಳೂರಿನವರದೆಂದು ಗೊತ್ತಾಗಬೇಕಂತೆ. ಬಾಗಿಲಲ್ಲಿ ನಿಂತು ನಾಲ್ಕು ಮಾತು ತುಳು, ಕನ್ನಡ ಆಡಿದ್ದರೆ ಸಾಕಾಗಿತ್ತು.

ನಮಗೂ ಈ ರೋಗ ತಗುಲಿತ್ತೆಂಬುದನ್ನು ಮುಚ್ಚಿಡುವುದಿಲ್ಲ. ಮುಂದಿನ ಗೋಡೆಗೆ ನೆಲದಿಂದ ಮೇಲಿನ ಮಹಡಿಯವರೆಗೆ ಕಲ್ಲಿನ ಹಲಗೆ ಹಾಕಿಸಿದೆವು. ಗುತ್ತಿಗೆದಾರ “ಸಾಬ್, ಜೀವಮಾನವಿಡೀ ನೋಡುವ ಹಾಗಿಲ್ಲ” ಎಂದ. ಕೊಂಡಿ ಇಲ್ಲ, ಕ್ಲ್ಯಾಂಪ್ ಇಲ್ಲ, ಬರೀ ಸಿಮೆಂಟ್ ಗಾರೆಯ ಅಂಟು. ಮೂರನೆಯ ಮಳೆಗಾಲದಲ್ಲಿ ಮೇಲಿನದೊಂದು ಹಲಗೆ ಕಳಚಿ ಬಿತ್ತು. ಬಿದ್ದದ್ದು ನಮ್ಮ ಗೋಡೆಯ ನೆರಳಿನಲ್ಲಿ ಇಸ್ತ್ರಿ ಮಾಡುವ ಹೆಂಗಸಿನ ಮೇಜಿನ ಮೇಲೆ. ಆಕೆ ಬಟ್ಟೆ ಕೊಟ್ಟುಬರಲು ಎದುರು ಮನೆಗೆ ಹೋಗಿದ್ದಳು. ಹತ್ತು ನಿಮಿಷ ಮೊದಲು ಬಿದ್ದಿದ್ದರೆ ನಾವು ಈ ಲೇಖನ ಬರೆಯುವ ಸ್ಥಿತಿಯಲ್ಲಿರುತ್ತಿರಲಿಲ್ಲ. ಉಳಿದ ಹಲಗೆ ಕೀಳಿಸಿದಾಗ ಹಿಂದೆ ಗೋಡೆಯೆಲ್ಲ ಒದ್ದೆ, ಬಿಳಿ ಉಪ್ಪು. ಇಲ್ಲಿನ ಮೇಸ್ತ್ರಿಗಳು ‘ಸೀಲನ್’ ಎನ್ನುವ ಈ ತೇವ, ಬರಿಯ ಗಾರೆಯಿದ್ದರೆ ಮೊದಲ ವರ್ಷವೇ ಕಣ್ಣಿಗೆ ಕಾಣುತ್ತಿತ್ತು. ಕಲ್ಲು ಅದನ್ನು ಮೂರು ವರ್ಷ ಬಚ್ಚಿಟ್ಟಿತು. “ಬಣ್ಣ ಹೊಡೆಸುವ ಖರ್ಚು ತಪ್ಪುತ್ತದೆ” ಎನ್ನುವವರು ಈ ಲೆಕ್ಕವನ್ನೂ ಬರೆದುಕೊಳ್ಳಲಿ.

ತಗಡಿನದು ಬೇರೆ ಕಥೆ. ಹತ್ತು ಅಡಿ ಉದ್ದದ ಅಲ್ಯೂಮಿನಿಯಂ, 50 ಡಿಗ್ರಿ ಏರಿಳಿತಕ್ಕೆ ಸುಮಾರು ಮೂರೂವರೆ ಮಿಲಿಮೀಟರು ಹಿಗ್ಗಿ ಕುಗ್ಗುತ್ತದೆ. ಅದಕ್ಕೆ ಜಾಗ ಬಿಡದೆ ಬಿಗಿದರೆ ಉಬ್ಬುತ್ತದೆ, ಸಂದಿನ ಮೇಣ ಹರಿಯುತ್ತದೆ, ಆಂಧಿಗೆ ರಾತ್ರಿಯಿಡೀ ಬಡಿಯುತ್ತದೆ. ಅಗ್ಗದ ತಗಡಿನ ಎರಡು ಪದರಗಳ ನಡುವೆ ಇರುವುದು ಪ್ಲಾಸ್ಟಿಕ್. 2017ರ ಜೂನ್ 14ರಂದು ಲಂಡನ್ನಿನ 24 ಅಂತಸ್ತಿನ ಗ್ರೆನ್‌ಫೆಲ್ ಟವರಿಗೆ ಬೆಂಕಿ ಹಬ್ಬಿದ್ದು ಇಂಥ ಹೊದಿಕೆಯ ಮೂಲಕವೇ. 72 ಜನ ಸತ್ತರು. ಒಂದು ಫ್ರಿಜ್ಜಿನಲ್ಲಿ ಹುಟ್ಟಿದ ಬೆಂಕಿ ಅದು. ಬೆಂಕಿ ಹಬ್ಬಿಸದ ಖನಿಜದ ತಿರುಳಿನ ತಗಡು ಸಿಗುತ್ತದೆ, ಬೆಲೆ ಹೆಚ್ಚು. ನಿಮ್ಮದು ಯಾವುದೆಂದು ಎಷ್ಟು ಮಂದಿ ಕೇಳಿದ್ದೀರಿ?

“ಎಲ್ಲರೂ ಹಾಕಿಸುತ್ತಾರೆ, ಮಾರುವಾಗ ಬೆಲೆ ಬರುತ್ತದೆ” ಎಂಬುದು ಇನ್ನೊಂದು ವಾದ. ಮಾರುವವರೆಗೆ ಒಳಗೆ ಇರುವವರು ಯಾರು? ನಮ್ಮ ಮಕ್ಕಳು ತಣ್ಣಗಿನ ಆಫೀಸಿನಲ್ಲಿರುತ್ತಾರೆ. ಊರಿನ ತೋಟ ಬಿಟ್ಟು ಮಗನ ಮನೆಗೆಂದು ಬಂದ ತಾಯಿ, ಕರೆಂಟು ಹೋದ ಮಧ್ಯಾಹ್ನ ಗಾಜಿನ ಹಿಂದೆ ಕೂತಿರುತ್ತಾಳೆ. ಆಕೆಗೆ ಭಾಷೆ ಬಾರದು, ಹೊರಗೆ ಹೋಗುವಂತಿಲ್ಲ. ಒಂಬತ್ತಿಂಚಿನ ಇಟ್ಟಿಗೆ ಗೋಡೆ ಹಗಲು ಕುಡಿದ ಬಿಸಿಲನ್ನು ಗಂಟೆಗಳ ನಂತರ ಒಳಗೆ ಉಗುಳುತ್ತದೆ. ಗಾಜಿಗೆ ಅಷ್ಟು ದಾಕ್ಷಿಣ್ಯವೂ ಇಲ್ಲ.

ಹಾಗಾದರೆ ಏನು ಮಾಡಬೇಕು ಎಂದರೆ, ನಮ್ಮ ಉತ್ತರ ಬಡವರ ಉತ್ತರ. ಚೆನ್ನಾಗಿ ನೀರುಣಿಸಿದ ಗಾರೆ, ತಿಳಿಬಣ್ಣ, ಬಿರುಕು ಕಂಡ ವರ್ಷವೇ ದುರಸ್ತಿ. ತಾರಸಿಗೂ ಬಿಳಿ ಬಳಿಸಿ. ದಕ್ಷಿಣದ ಗೋಡೆಗೆ ಹೆದರಬೇಡಿ. ಬೇಸಿಗೆಯಲ್ಲಿ ನಡುನೆತ್ತಿಗೆ ಏರುವ ಸೂರ್ಯ ಅದನ್ನು ಅಷ್ಟಾಗಿ ಮುಟ್ಟುವುದಿಲ್ಲ, ಒಂದು ಸಜ್ಜಾ ಸಾಕು, ಚಳಿಗಾಲದಲ್ಲಿ ಅಲ್ಲಿಯ ಬಿಸಿಲೇ ಬೇಕು. ಶತ್ರು ಪಡುವಣ ಗೋಡೆ. ದುಡ್ಡಿದ್ದರೆ ಅಲ್ಲಿ ನಡುವೆ ಎರಡಿಂಚು ಬಿಟ್ಟು ಜೋಡಿ ಗೋಡೆ ಕಟ್ಟಿಸಿ. ಕಲ್ಲೇ ಬೇಕೆಂಬ ಹಟವಿದ್ದರೆ ಸ್ಟೇನ್‌ಲೆಸ್ ಸ್ಟೀಲಿನ ಕ್ಲ್ಯಾಂಪಿನಲ್ಲಿ, ಹಿಂದೆ ಗಾಳಿಯಾಡುವಂತೆ ನಿಲ್ಲಿಸಿ. ದುಡ್ಡಿಲ್ಲದಿದ್ದರೆ ದೆಹಲಿಯವರ ಬಿದಿರಿನ ಚಿಕ್ ಇಳಿಬಿಡಿ, ಒಂದು ಬೇವು ನೆಡಿ. ನಾವು ಮಧುಮಾಲತಿ ಬಳ್ಳಿಯನ್ನು ತಂತಿಯ ಮೇಲೆ ಹಬ್ಬಿಸಿದ್ದೇವೆ, ಗೋಡೆಯಿಂದ ಒಂದು ಗೇಣು ದೂರದಲ್ಲಿ. ಅಕ್ಕಪಕ್ಕದವರು ಅದನ್ನು ಎಲಿವೇಷನ್ ಎಂದು ಒಪ್ಪಿಲ್ಲ.

ಇನ್ನು ಮುಂದೆ ನಮ್ಮನ್ನು ಗೃಹಪ್ರವೇಶಕ್ಕೆ ಕರೆಯುವವರಲ್ಲಿ ಒಂದು ಕೋರಿಕೆ. ಮೇ ತಿಂಗಳಲ್ಲಿ, ಮಧ್ಯಾಹ್ನ ಮೂರು ಗಂಟೆಗೆ ಕರೆಯಿರಿ. ಎಲೆಯನ್ನು ಪಡುವಣ ಕೋಣೆಯಲ್ಲೇ ಹಾಕಿಸಿ, ಎ.ಸಿ. ಆರಿಸಿ.