ವ್ಯಾಟ್ ನೋಡಬೇಡಿ, ಕಿವಿಗೊಟ್ಟು ಕೇಳಿ
ಕೆಲಸ ಸಿಗುವ ಮುನ್ನವೇ ಕಂತಿನ ಮೇಲೆ ಹೋಂ ಥಿಯೇಟರ್ ತರುವ ಗೆಳೆಯರಿದ್ದಾರೆ. ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಅಚ್ಚಾದ ಸಾವಿರಾರು ವ್ಯಾಟ್ ‘ಪಿಎಂಪಿಒ’ಗೆ ಮರುಳಾಗುತ್ತಾರೆ. ಆ ಲೆಕ್ಕಕ್ಕೆ ಸರ್ವಸಮ್ಮತ ಅಳತೆಗೋಲೇ ಇಲ್ಲ. ಅಂಗಡಿಯಲ್ಲಿ ಕೇಳಬೇಕಾದದ್ದು ‘ಆರ್‌ಎಂಎಸ್’ ಎಷ್ಟು ಎಂದು. ಹತ್ತಡಿಯ ಕೋಣೆಗೆ 20 ವ್ಯಾಟ್ ಧಾರಾಳ. ಅಗ್ಗದ ಐದು ಸ್ಪೀಕರ್‌ಗಳ ಬೆಲೆಗೆ ಒಳ್ಳೆಯ ಎರಡನ್ನು ತರುವುದೇ ಜಾಣತನ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ, ನಿಮ್ಮೂರಿನ ರಿಪೇರಿ ಅಂಗಡಿಯಲ್ಲಾಗಲಿ ಹಳೆಯ ಸ್ಪೀಕರ್ ಕೊಳ್ಳುವಾಗ, ಕೋನ್ ಸುತ್ತಲಿನ ಫೋಮ್ ಪುಡಿಯಾಗಿದೆಯೇ ನೋಡಿ. ನಿಮಗೆ ಬಾಯಿಪಾಠವಾದ ಹಾಡನ್ನೇ ಹಾಕಿಸಿ ಕೇಳಿ. ಮನೆಯಲ್ಲಿ ಮೂಲೆಗೆ ತಳ್ಳದೆ, ಕಿವಿಯ ಮಟ್ಟಕ್ಕೆ ಇಡಿ. ಬಾಸ್ ಗುಂಯ್‌ಗುಡುವುದು ತಗ್ಗುತ್ತದೆ. ಇದಕ್ಕೆ ಬಿಡಿಗಾಸೂ ಖರ್ಚಿಲ್ಲ.

ಹಾಡಿನ ನಡುವೆ ಕಂತಿನ ನೆನಪಾದರೆ, ಯಾವ ಸ್ಪೀಕರ್ ತಾನೇ ಇಂಪಾಗಿ ಕೇಳೀತು?